ಒಂದು ಸದ್ದೋ, ಎರಡು ಸದ್ದೋ

ಕಾರಿನ ವಿಮೆಯ ಕ್ಲೇಮ್ ಫಾರ್ಮಿನಲ್ಲಿ ‘ಅಪಘಾತ ಹೇಗಾಯಿತು’ ಎಂದು ಬರೆಯಲು ಎರಡು ಮೂರು ಸಾಲಿನ ಜಾಗ ಇರುತ್ತದೆ. ಪಾಲಿಸಿ ನಂಬರು, ಚಾಸಿ ನಂಬರು, ಲೈಸೆನ್ಸ್ ನಂಬರು ತುಂಬುವುದರಲ್ಲೇ ಸುಸ್ತಾದವರು ಅಲ್ಲಿಗೆ ಬಂದಾಗ ಅರ್ಧ ವಾಕ್ಯ ಗೀಚಿ ಮುಗಿಸುತ್ತಾರೆ. ಮುಂದೆ ತಕರಾರು ಎದ್ದರೆ ವಕೀಲರು ಗೆರೆ ಎಳೆದು ಓದುವುದು ಆ ಅರ್ಧ ವಾಕ್ಯವನ್ನೇ. ಈ ಸಲದ ಅಂಕಣ ಆ ಮೂರು ಸಾಲಿನ ಬಗ್ಗೆ.

ನಮ್ಮಲ್ಲಿ ಅಪಘಾತವಾದ ಕೂಡಲೇ ರಸ್ತೆಯಲ್ಲೇ ಪಂಚಾಯ್ತಿ ಶುರುವಾಗುತ್ತದೆ. ‘ತಪ್ಪು ಯಾರದು’ ಎಂದು ಸುತ್ತ ನಿಂತವರು ಐದು ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಕಾನೂನಿನಲ್ಲಿ ಈ ಪ್ರಶ್ನೆಯನ್ನು ಒಬ್ಬರೇ ಕೇಳುವುದಿಲ್ಲ. ಪೊಲೀಸರು ಕೇಳುವುದು ಯಾರ ಮೇಲೆ ಪ್ರಕರಣ ದಾಖಲಿಸಬೇಕು ಎಂದು. ಎದುರು ಗಾಡಿಯ ವಿಮಾ ಕಂಪನಿ ಕೇಳುವುದು ತಾನು ಹಣ ಕೊಡಬೇಕೋ ಬೇಡವೋ ಎಂದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಕೇಳುವುದು ಯಾರ ಪಾಲು ಎಷ್ಟು ಎಂದು. ನಮ್ಮ ಕಾರಿನ ರಿಪೇರಿಗೆ ಹಣ ಕೊಡಬೇಕಾದ ನಮ್ಮದೇ ಕಂಪನಿಗೆ ಮಾತ್ರ ಈ ಪ್ರಶ್ನೆ ಅಷ್ಟಾಗಿ ಬೇಕಾಗಿಲ್ಲ. ಇವು ಬೇರೆ ಬೇರೆ ಎಂದು ತಿಳಿಯದೆ ಎಷ್ಟೋ ಜನ ‘ತಪ್ಪು ನಮ್ಮದಲ್ಲ, ನಾವೇಕೆ ನಮ್ಮ ಪಾಲಿಸಿಯಲ್ಲಿ ಕ್ಲೇಮ್ ಮಾಡಬೇಕು’ ಎಂದು ತಿಂಗಳುಗಟ್ಟಲೆ ಗಾಡಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ಕೂರುತ್ತಾರೆ.

ನನಗೆ ಇದು ಗೊತ್ತಾದದ್ದು ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಟಾಗ. ಎರಡು ತಿಂಗಳು ನಮ್ಮ ಜೊತೆಗಿದ್ದ ಅವ್ವ ಊರಿಗೆ ಹೊರಟಿದ್ದಳು. ಕರಾಡ ದಾಟಿ ಕೊಲ್ಹಾಪುರದ ಕಡೆ ಹೋಗುವಾಗ ರಸ್ತೆ ಕೆಲಸದ ಡೈವರ್ಷನ್ ಬಳಿ ಮುಂದಿನ ಲಾರಿ ನಿಧಾನಿಸಿ ನಿಂತಿತು. ನಾನೂ ನಿಲ್ಲಿಸಿದೆ. ಹಿಂದಿನಿಂದ ಬಂದ ಪಿಕಪ್ ಗಾಡಿ ನಮಗೆ ಗುದ್ದಿತು, ನಮ್ಮ ಕಾರು ಹೋಗಿ ಲಾರಿಗೆ ತಗುಲಿತು. ಹೆಂಡತಿಗೆ, ಮಗಳಿಗೆ, ನನಗೆ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡೇ ಕುಳಿತಿದ್ದ ಅವ್ವ ಕೈ ಮುಂದೆ ಚಾಚಿದ್ದಳು. ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು.

ಮೂರು ಗಾಡಿಗಳ ಸಾಲಿನಲ್ಲಿ ನಡುವಿನ ಗಾಡಿಯವನ ಫಜೀತಿಯೇ ಬೇರೆ. ಹಿಂದಿನವನು ‘ಇವನು ಮೊದಲು ಲಾರಿಗೆ ಗುದ್ದಿ ಗಕ್ಕನೆ ನಿಂತ, ಅದಕ್ಕೇ ನನಗೆ ನಿಲ್ಲಿಸಲಾಗಲಿಲ್ಲ’ ಎನ್ನಬಹುದು. ಮುಂದಿನವನಿಗೆ ಕಾಣುವುದು ತನಗೆ ತಗುಲಿಕೊಂಡ ಕಾರು ಮಾತ್ರ. ನಡುವಿನ ಗಾಡಿಗೆ ಮುಂದೆಯೂ ಪೆಟ್ಟು, ಹಿಂದೆಯೂ ಪೆಟ್ಟು. ಯಾವುದು ಮೊದಲು? ಎಲ್ಲ ತಕರಾರೂ ಇದೊಂದರ ಮೇಲೆ ನಿಲ್ಲುತ್ತದೆ.

ಮೊದಲು ಕಾರಿನ ಮಾತು ಮುಗಿಸುತ್ತೇನೆ. ನಮ್ಮ ಪಾಲಿಸಿ ಪ್ಯಾಕೇಜ್ ಪಾಲಿಸಿ, ಅಂದರೆ ಸ್ವಂತ ಗಾಡಿಯ ಹಾನಿಗೂ ಥರ್ಡ್ ಪಾರ್ಟಿಗೂ ಸೇರಿದ್ದು. ಸ್ವಂತ ಹಾನಿಯ ಕ್ಲೇಮಿಗೆ ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಕಾಯಬೇಕಾಗಿಲ್ಲ. ಲೈಸೆನ್ಸ್ ಸರಿಯಿರಬೇಕು, ಕುಡಿದಿರಬಾರದು, ಪಾಲಿಸಿ ಚಾಲ್ತಿಯಲ್ಲಿರಬೇಕು. ಕಂಪನಿಯ ಸರ್ವೇಯರ್ ಬಂದು ಫೋಟೋ ತೆಗೆದುಕೊಂಡು ಹೋದರು. ಬಿಲ್ಲು 1,92,000 ರೂ. ಆಯಿತು, ಕಂಪನಿ ಕೊಟ್ಟದ್ದು 1,37,000 ರೂ. ಕಡಿತದ ಲೆಕ್ಕ ಹೀಗಿದೆ: ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ 50%, ಮೂರು ವರ್ಷ ದಾಟಿ ನಾಲ್ಕರೊಳಗಿರುವ ಗಾಡಿಯ ಲೋಹದ ಭಾಗಗಳಿಗೆ 25% ಸವಕಳಿ ಕಳೆಯುತ್ತಾರೆ. ಗಾಜಿಗೆ ಕಡಿತವಿಲ್ಲ. 1500 ಸಿಸಿ ತನಕದ ಕಾರಿಗೆ 1,000 ರೂ. ಕಡ್ಡಾಯವಾಗಿ ನಮ್ಮ ಪಾಲು. ಝೀರೋ ಡಿಪ್ರಿಸಿಯೇಷನ್ ಸೇರಿಸಿಕೊಂಡವರಿಗೆ ಸವಕಳಿಯ ಪೆಟ್ಟು ತಪ್ಪುತ್ತದೆ. ಮೂರು ವರ್ಷ ಕ್ಲೇಮ್ ಇಲ್ಲದೆ ಗಳಿಸಿದ 35% ನೋ ಕ್ಲೇಮ್ ಬೋನಸ್ಸೂ ಸೊನ್ನೆಗೆ ಇಳಿಯಿತು. ಹಿಂದಿನಿಂದ ಬಂದು ಗುದ್ದಿದವನು ಬೇರೆಯವನಾದರೂ ಬೋನಸ್ ಹೋಗುವುದು ಕ್ಲೇಮ್ ಮಾಡಿದವನದೇ. ಕೈಯಿಂದ ಹೋದ 55,000 ರೂಪಾಯಿಯನ್ನು ಪಿಕಪ್‌ನ ವಿಮಾ ಕಂಪನಿಯಿಂದ ಕೇಳಲು ದಾರಿಯಿದೆ, ಆದರೆ ಅದಕ್ಕೆ ತಪ್ಪು ಅವರದೆಂದು ಸಾಬೀತಾಗಬೇಕು.

ಪಿಕಪ್‌ನ ಮಾಲೀಕರು ಎರಡನೇ ದಿನವೇ ಫೋನ್ ಮಾಡಿದ್ದರು. ‘ನಿಮ್ಮ ಗಾಡಿ ನೀವು ಮಾಡಿಸಿಕೊಳ್ಳಿ ಸಾಹೇಬ್, ನಮ್ಮದು ನಾವು ಮಾಡಿಸಿಕೊಳ್ಳುತ್ತೇವೆ’ ಎಂದರು. ಬರೀ ತಗಡಿನ ವಿಷಯವಾಗಿದ್ದರೆ ಅದು ಒಪ್ಪಬಹುದಾದ ಮಾತೇ. ಅವ್ವನ ಕೈ ಅದರಲ್ಲಿ ಸೇರಿರಲಿಲ್ಲ.

ಕೊಲ್ಹಾಪುರದ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದರು. 1,35,000 ರೂ. ಖರ್ಚಾಯಿತು. ಅವ್ವನಿಗೆ 63 ವರ್ಷ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ನಾನು ಇಂಜಿನಿಯರಿಂಗ್ ಓದಿದ್ದು ಆ ಮಶೀನಿನ ಮೇಲೆ, ಈಗಲೂ ಅವಳು ನನ್ನ ಹಣಕ್ಕೆ ಕೈಚಾಚುವುದಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಕೈ ಅರ್ಧ ಮಾತ್ರ ತಿರುಗುತ್ತಿತ್ತು. ಕತ್ತರಿ ಹಿಡಿದರೆ ಹತ್ತು ನಿಮಿಷಕ್ಕೆ ನೋವು.

ಈಗ ಆ ಮೂರು ಸಾಲಿಗೆ ಬರೋಣ. ಅಪಘಾತವಾದ ಮೊದಲ ಎರಡು ದಿನದಲ್ಲಿ ನಮ್ಮ ಪರವಾಗಿ ಬೇರೆಯವರು ಮೂರು ಕಡೆ ಒಂದೊಂದು ವಾಕ್ಯ ಬರೆಯುತ್ತಾರೆ. ಮೂರೂ ಕಡೆ ಬರೆಯುವವರಿಗೆ ಅವಸರ.

ಮೊದಲನೆಯದು ವಿಮಾ ಕಂಪನಿಯ ಕಾಲ್ ಸೆಂಟರ್. ನಾನು ಹೇಳಿದ್ದು, ‘ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಪಿಕಪ್ ಗುದ್ದಿತು, ಆ ರಭಸಕ್ಕೆ ಕಾರು ಮುಂದಿನ ಲಾರಿಗೆ ತಗುಲಿತು’ ಎಂದು. ದಾಖಲಾದದ್ದು ‘ವಿಮೆದಾರರ ವಾಹನ ಲಾರಿಗೆ ಡಿಕ್ಕಿ’ ಎಂದು. ಎಸ್ಸೆಮ್ಮೆಸ್ಸಿನಲ್ಲಿ ಬಂದ ಲಿಂಕ್ ತೆರೆದಾಗ ಇದು ಕಾಣಿಸಿತು. ಅದೇ ಸಂಜೆ ಇಮೇಲ್ ಕಳಿಸಿ ತಿದ್ದಿಸಿದೆ. ಉತ್ತರವನ್ನು ಪಿಡಿಎಫ್ ಮಾಡಿ ಇಟ್ಟೆ. ಸುಳ್ಳು ಬರೆದಿರಲಿಲ್ಲ, ಅರ್ಧ ಬಿಟ್ಟಿದ್ದರು. ಆದರೆ ಎಲ್ಲ ತಕರಾರೂ ಇದ್ದದ್ದು ಬಿಟ್ಟುಹೋದ ಆ ಅರ್ಧದಲ್ಲಿ.

ಎರಡನೆಯದು ಆಸ್ಪತ್ರೆಯ ಕ್ಯಾಶುಯಲ್ಟಿ ಚೀಟಿ. ಗಾಯ ಹೇಗಾಯಿತೆಂದು ಡ್ಯೂಟಿ ಡಾಕ್ಟರು ಒಂದು ಸಾಲು ಬರೆಯುತ್ತಾರೆ. ಅಲ್ಲಿಯೂ ‘ಕಾರು ಲಾರಿಗೆ ಡಿಕ್ಕಿ’ ಎಂದಿತ್ತು. ಡಿಸ್ಚಾರ್ಜ್ ದಿನ ನನ್ನ ಹೆಂಡತಿ ಅದನ್ನು ಓದಿ, ಡಾಕ್ಟರಿಗೆ ಹೇಳಿ, ಕೆಳಗೆ ಪೂರ್ಣ ವಿವರ ಸೇರಿಸಿ ದಿನಾಂಕದೊಂದಿಗೆ ಸಹಿ ಹಾಕಿಸಿಕೊಂಡಳು.

ಮೂರನೆಯದು ಪೊಲೀಸ್ ಕಾಗದ: ಎಫ್‌ಐಆರ್, ಸ್ಥಳ ಪಂಚನಾಮೆ, ನಕಾಶೆ. ನಮ್ಮ ಪ್ರಕರಣದಲ್ಲಿ ಎಲ್ಲವೂ ಮರಾಠಿಯಲ್ಲಿ. ಹೊರ ರಾಜ್ಯದಲ್ಲಿರುವ ನಾವು ಎಚ್ಚರವಾಗಿರಬೇಕಾದದ್ದು ಇಲ್ಲಿ. ಹನ್ನೊಂದು ವರ್ಷ ಪುಣೆಯಲ್ಲಿದ್ದು ಮರಾಠಿ ಓದಲು ಬರುವ ನನಗೇ ಆ ಕೈಬರಹ ಕಷ್ಟವಾಯಿತು. ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು ಮಾತಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಬಹಳ. ದೂರು ಕೊಟ್ಟವರಿಗೆ ಬರೆದದ್ದನ್ನು ಓದಿ ಹೇಳಿ ಸಹಿ ಪಡೆಯಬೇಕು, ಒಂದು ಪ್ರತಿಯನ್ನು ಪುಕ್ಕಟೆ ಕೊಡಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ‘ಜರಾ ಓದಿ ಹೇಳಿ’ ಎಂದು ಕೇಳಲು ಸಂಕೋಚ ಬೇಡ. ನಾನು ಕೇಳಿದಾಗ ಠಾಣೆಯ ಹವಾಲ್ದಾರರು ಬೇಸರವಿಲ್ಲದೆ ಎರಡು ಸಲ ಓದಿದರು. ಇನ್ನೊಂದು ಮಾತು: 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಇವುಗಳ ಪ್ರತಿಯನ್ನು ಕೇಳಿ ಪಡೆಯಿರಿ.

ಪರಿಹಾರದ ಅರ್ಜಿ ಎಲ್ಲಿ ಹಾಕಬೇಕು? ಅಪಘಾತ ಮಹಾರಾಷ್ಟ್ರದಲ್ಲಿ, ಗಾಡಿಗಳು ಮಹಾರಾಷ್ಟ್ರದವು, ಅವ್ವ ಧಾರವಾಡದವಳು. ಕೈ ನೋವಿನ ಹೆಂಗಸು ತಾರೀಖಿಗೊಮ್ಮೆ ಬಸ್ ಹತ್ತಿ ಕರಾಡಕ್ಕೆ ಹೋಗುವುದು ಹೇಗೆ ಎಂಬ ಚಿಂತೆ ನನಗಿತ್ತು. ಹಾಗೆ ಹೋಗಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 166(2)ನೇ ಕಲಂ ಪ್ರಕಾರ ಅಪಘಾತ ನಡೆದ ಊರಿನಲ್ಲಿ, ಎದುರುದಾರರು ಇರುವ ಊರಿನಲ್ಲಿ, ಇಲ್ಲವೇ ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಅವಧಿ ಆರು ತಿಂಗಳು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ ನಿಜ, ಆದರೆ ಅದನ್ನು ನಂಬಿಕೊಂಡು ತಡ ಮಾಡುವುದು ಜಾಣತನವಲ್ಲ.

ಧಾರವಾಡದ ವಕೀಲರು ಎರಡು ದಾರಿ ತೋರಿಸಿದರು. ಒಂದು, 164ನೇ ಕಲಂ. ಇದರಲ್ಲಿ ತಪ್ಪು ಯಾರದೆಂಬ ಪ್ರಶ್ನೆಯೇ ಇಲ್ಲ. ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ ರೂ. ಎಲುಬು ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯವೇ. ಆದರೆ ನಿಗದಿತ ವಿಧಾನದಲ್ಲಿ ಈ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಎರಡನೆಯದು 166ನೇ ಕಲಂ. ಆಸ್ಪತ್ರೆ ಖರ್ಚು, ಗಳಿಕೆಯ ನಷ್ಟ, ಅಂಗವೈಕಲ್ಯ, ನೋವು ಎಲ್ಲವನ್ನೂ ಲೆಕ್ಕ ಹಾಕಿ ಕೇಳಬಹುದು. ಆದರೆ ಯಾರ ತಪ್ಪೆಂದು ಸಾಬೀತು ಮಾಡಬೇಕು.

166ರಲ್ಲಿ ಹೋಗುವುದಾದರೆ ಮೂರೂ ಗಾಡಿಗಳ ಮಾಲೀಕರನ್ನೂ ವಿಮಾ ಕಂಪನಿಗಳನ್ನೂ ಎದುರುದಾರರನ್ನಾಗಿ ಮಾಡುವುದು ಒಳ್ಳೆಯದು ಎಂದರು. ಅಂದರೆ ಅವ್ವ ಅರ್ಜಿದಾರಳು, ನಾನು ಎದುರುದಾರ.

ಅವ್ವ ಎದ್ದೇ ನಿಂತಳು. ‘ಹೆತ್ತ ಮಗನ ಮ್ಯಾಲೆ ನಾನ ಕೇಸ್ ಹಾಕ್ಲ್ಯಾ? ಓಣ್ಯಾಗ ಮಂದಿ ಏನಂದಾರು?’

‘ಅಮ್ಮಾರ, ಮಗನ ಹೆಸರು ಕಾಗದದಾಗ ಇರ್ತೈತಿ ಅಷ್ಟ. ರೊಕ್ಕ ಕೊಡೂದು ಇನ್ಶೂರೆನ್ಸ್‌ನವರು’ ಎಂದರು ವಕೀಲರು.

‘ಆ ಪಿಕಪ್ ಹುಡುಗ? ಪಾಪ, ಅವನ ಪಗಾರ ಎಷ್ಟಿರ್ತೈತಿ?’

ಅವನೂ ಕೊಡಬೇಕಾಗಿಲ್ಲ. ಆ ಗಾಡಿಗೂ ವಿಮೆ ಇದೆ, ಹುಡುಗನ ಲೈಸೆನ್ಸ್ ಸರಿಯಿದೆ. ಇದೆಲ್ಲ ಹೇಳಿದರೂ ಅವಳು ಒಪ್ಪಲಿಲ್ಲ. ಎರಡೂವರೆ ಲಕ್ಷವೇ ಸಾಕು ಎಂದಳು. ನಾಲ್ಕು ತಿಂಗಳು ಹೀಗೆಯೇ ಹೋಯಿತು.

ಅವಳ ಮನಸ್ಸು ತಿರುಗಿಸಿದ್ದು ಪಿಕಪ್‌ನ ವಿಮಾ ಕಂಪನಿಯೇ. ವಕೀಲರು ಕಳಿಸಿದ್ದ ನೋಟಿಸಿಗೆ ಅವರು ಉತ್ತರ ಬರೆದಿದ್ದರು: ಅಪಘಾತಕ್ಕೆ ಕಾರಿನ ಚಾಲಕನೇ ಪೂರ್ತಿ ಕಾರಣ, ಆತ ಮೊದಲು ಲಾರಿಗೆ ಗುದ್ದಿ ಏಕಾಏಕಿ ನಿಂತಿದ್ದಾನೆ, ಅರ್ಜಿದಾರರು ದುಡಿಯುವವರಲ್ಲ, ಮಗನ ಆಶ್ರಯದಲ್ಲಿರುವ ಗೃಹಿಣಿ. ವಕೀಲರು ಇಂಗ್ಲಿಷಿನಲ್ಲಿದ್ದ ಪತ್ರವನ್ನು ಕನ್ನಡದಲ್ಲಿ ಹೇಳಿದರು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನನ್ನ ಮಗಂದ ತಪ್ಪಂತ? ನಾ ದುಡಿಯಾಕಿ ಅಲ್ಲಂತ? ಎಲ್ಲಿ ಸಹಿ ಮಾಡ್ಲಿ ಹೇಳ್ರಿ’ ಎಂದಳು. ಎಡಗೈಯಿಂದ ಬಲಗೈ ಹಿಡಿದುಕೊಂಡು ಸಹಿ ಮಾಡಿದಳು. ಅರ್ಜಿ ಆರು ತಿಂಗಳೊಳಗೇ ದಾಖಲಾಯಿತು.

ಮೂವರನ್ನೂ ಎದುರುದಾರರನ್ನಾಗಿ ಮಾಡಿದ್ದಕ್ಕೆ ಕಾರಣವಿದೆ. ಕಾರಿನೊಳಗೆ ಸುಮ್ಮನೆ ಕುಳಿತಿದ್ದ ಅವ್ವನ ಪಾಲಿಗೆ ಇದು ಒಬ್ಬರಿಗಿಂತ ಹೆಚ್ಚು ಚಾಲಕರ ನಿರ್ಲಕ್ಷ್ಯದಿಂದ ಆದ ಅಪಘಾತ ಎಂದು ತೀರ್ಮಾನವಾದರೂ ಅವಳ ಪರಿಹಾರಕ್ಕೆ ಕತ್ತರಿ ಬೀಳುವುದಿಲ್ಲ. ಇಂಥ ಸಂದರ್ಭದಲ್ಲಿ ಗಾಯಾಳು ಹೊಣೆಗಾರರ ಪೈಕಿ ಯಾರೊಬ್ಬರಿಂದಲೂ ಪೂರ್ತಿ ಪರಿಹಾರ ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಪಾಲಿನ ಜಗಳ ಅವರವರ ನಡುವಿನದು. ಹಾಗಾಗಿ ಪಿಕಪ್ ಒಂದರ ಮೇಲೆಯೇ ಅರ್ಜಿ ಹಾಕಬಹುದಿತ್ತು. ಆದರೆ ನ್ಯಾಯಮಂಡಳಿ ‘ತಪ್ಪೆಲ್ಲ ಕಾರಿನವನದೇ’ ಎಂದುಬಿಟ್ಟರೆ, ಕಾರಿನ ವಿಮಾ ಕಂಪನಿ ಪಕ್ಷಗಾರನಾಗಿಲ್ಲದ ಅರ್ಜಿಯಲ್ಲಿ ಅವ್ವನಿಗೆ ಏನೂ ಸಿಗುವುದಿಲ್ಲ. ಗಾಯಾಳುವೇ ಚಾಲಕನಾಗಿದ್ದರೆ ಲೆಕ್ಕ ಬೇರೆ. ಅವನ ತಪ್ಪಿನ ಪಾಲಿನಷ್ಟು ಪರಿಹಾರದಲ್ಲಿ ಕಡಿತವಾಗುತ್ತದೆ.

ಆ ಪಾಲು ಎಷ್ಟೆಂಬುದು ಮಾತ್ರ ತಕ್ಕಡಿಯಲ್ಲಿ ತೂಗಿದಂತೆ ಬರುವುದಿಲ್ಲ. 2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ನಡೆದ ಒಂದು ಅಪಘಾತ ನೋಡಿ. ಮುಂದೆ ಹೋಗುತ್ತಿದ್ದ ಕಾರು ಹೆದ್ದಾರಿಯಲ್ಲಿ ಥಟ್ಟನೆ ನಿಂತಿತು. ಹಿಂದಿದ್ದ ಬೈಕಿನ ವಿದ್ಯಾರ್ಥಿ ಅದಕ್ಕೆ ಗುದ್ದಿ ಬಿದ್ದ. ಅವನ ಹಿಂದಿದ್ದ ಬಸ್ಸು ಅವನ ಮೇಲೆ ಹರಿಯಿತು, ಒಂದು ಕಾಲು ಹೋಯಿತು. ನ್ಯಾಯಮಂಡಳಿ ಕಾರಿನವರದು ಏನೂ ತಪ್ಪಿಲ್ಲ, ಬಸ್ಸಿನದು 80%, ವಿದ್ಯಾರ್ಥಿಯದು 20% ಎಂದಿತು. ಹೈಕೋರ್ಟು ಕಾರಿಗೆ 40%, ಬಸ್ಸಿಗೆ 30%, ವಿದ್ಯಾರ್ಥಿಗೆ 30% ಎಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕಾರಿಗೆ 50%, ಬಸ್ಸಿಗೆ 30%, ವಿದ್ಯಾರ್ಥಿಗೆ 20% ಎಂದಿತು. ಪತ್ನಿ ಗರ್ಭಿಣಿ, ಅವರಿಗೆ ವಾಂತಿ ಬಂದಂತಾಯಿತು, ಅದಕ್ಕೇ ನಿಲ್ಲಿಸಿದೆ ಎಂದು ಕಾರಿನವರು ಹೇಳಿದ್ದರು. ಹೆದ್ದಾರಿಯಲ್ಲಿ ಹಿಂದಿನವರಿಗೆ ಸೂಚನೆ ಕೊಡದೆ ಹಾಗೆ ನಿಲ್ಲಿಸುವುದು ಸರಿಯಲ್ಲ ಎಂದಿತು ನ್ಯಾಯಾಲಯ. ಅಪಘಾತ ಒಂದೇ, ನೋಡಿದ ನ್ಯಾಯಾಲಯ ಮೂರು, ಲೆಕ್ಕವೂ ಮೂರು. ಹಿಂದಿನವನು ಅಂತರ ಕಾಯಬೇಕು, ಮುಂದಿನವನು ಕಾರಣವಿಲ್ಲದೆ ಗಕ್ಕನೆ ಬ್ರೇಕ್ ಹಾಕಬಾರದು ಎಂಬ ಎರಡು ನಿಯಮಗಳ ನಡುವೆಯೇ ಇಂಥ ಎಲ್ಲ ವಾದಗಳೂ ಓಡಾಡುತ್ತವೆ. ‘ಹಿಂದಿನಿಂದ ಗುದ್ದಿದವನದೇ ತಪ್ಪು’ ಎಂದು ನೆಮ್ಮದಿಯಿಂದ ಇರುವಂತಿಲ್ಲ.

ಹಾಗಾದರೆ ನಡುವಿನ ಗಾಡಿಯವನ ಬಳಿ ಏನು ಸಾಕ್ಷಿ ಇರಬೇಕು? ಡ್ಯಾಶ್‌ಕ್ಯಾಮ್ ಇದ್ದವರಿಗೆ ಚಿಂತೆಯಿಲ್ಲ. ಇಲ್ಲದವರಿಗೆ ಒಂದು ಪ್ರಶ್ನೆ ಇದೆ: ಮುಂದಿನ ಗಾಡಿಯವನಿಗೆ ಎಷ್ಟು ಸಲ ಧಕ್ಕೆ ತಗುಲಿತು? ನಡುವಿನ ಕಾರು ತಾನೇ ಮೊದಲು ಗುದ್ದಿ, ಆಮೇಲೆ ಹಿಂದಿನಿಂದ ತಳ್ಳಿಸಿಕೊಂಡಿದ್ದರೆ ಮುಂದಿನವನಿಗೆ ಎರಡು ಧಕ್ಕೆ ಗೊತ್ತಾಗಬೇಕು. ನಿಂತ ಕಾರನ್ನು ಹಿಂದಿನವನು ತಳ್ಳಿದ್ದರೆ ಒಂದೇ ಧಕ್ಕೆ. ಲಾರಿ ಚಾಲಕ ಪೊಲೀಸರ ಮುಂದೆ ಹಿಂದಿಯಲ್ಲಿ ಹೇಳಿದ್ದು, ‘ಏಕ್ ಹೀ ಬಾರ್ ಲಗಾ’ ಎಂದು. ಅದು ಮರಾಠಿಯಲ್ಲಿ ದಾಖಲಾಗಿದೆ. ಅವರ ಫೋನ್ ನಂಬರು, ಲಾರಿಯ ನಂಬರು ನಮ್ಮ ಬಳಿ ಇವೆ. ಕಾರಿನ ಹಿಂಭಾಗ ಪೂರ್ತಿ ಒಳಗೆ ಹೋಗಿದೆ, ಮುಂದೆ ಬಂಪರ್ ಮತ್ತು ರೇಡಿಯೇಟರ್ ಮಾತ್ರ. ಗಾಡಿಗಳನ್ನು ಸರಿಸುವ ಮೊದಲು ನನ್ನ ಹೆಂಡತಿ ತೆಗೆದ ಹತ್ತು ಹನ್ನೆರಡು ಫೋಟೋಗಳಲ್ಲಿ ಮೂರೂ ಗಾಡಿ, ಡೈವರ್ಷನ್ ಬೋರ್ಡು, ರಸ್ತೆಯ ಮೇಲಿನ ಟೈರಿನ ಗುರುತು ಕಾಣುತ್ತವೆ. ಸರ್ವೇಯರ್ ವರದಿಯ ಪ್ರತಿಯನ್ನೂ ಕೇಳಿ ತೆಗೆದುಕೊಂಡಿದ್ದೇವೆ. ನ್ಯಾಯಮಂಡಳಿಯಲ್ಲಿ ಕ್ರಿಮಿನಲ್ ಕೇಸಿನಂತೆ ಸಂಶಯಾತೀತವಾಗಿ ಸಾಬೀತಾಗಬೇಕೆಂದಿಲ್ಲ, ಯಾವುದು ಹೆಚ್ಚು ಸಂಭವ ಎಂದು ನೋಡುತ್ತಾರೆ. ಆ ‘ಹೆಚ್ಚು ಸಂಭವ’ವನ್ನು ಕಟ್ಟುವುದು ಇಂಥ ಸಣ್ಣ ಸಣ್ಣ ಕಾಗದಗಳೇ.

ಅವ್ವನೂ ಸಾಕ್ಷಿಯೇ. ವಕೀಲರು ಅವಳನ್ನು ಕೇಳಿದರು, ‘ಅಮ್ಮಾರ, ಎಷ್ಟು ಸದ್ದು ಕೇಳ್ತು?’

‘ಒಂದ ರೀ. ಎರಡನೇದ್ದು ಯಾರಿಗರ ಕೇಳಿದ್ರ ಅದು ನಾ ಚೀರಿದ್ದು.’

ಪ್ರಕರಣ ಇನ್ನೂ ನಡೆಯುತ್ತಿದೆ. ಮರಾಠಿ ಕಾಗದಗಳ ಅನುವಾದ ಸಲ್ಲಿಸಿದ್ದಾಗಿದೆ. ಅವ್ವನ ಹೊಲಿಗೆಯ ಗಿರಾಕಿಗಳ ಲೆಕ್ಕದ ಹಳೆಯ ನೋಟುಬುಕ್ಕುಗಳೂ, ಎಲುಬಿನ ಡಾಕ್ಟರು ಕೊಟ್ಟ ಅಂಗವೈಕಲ್ಯದ ಪ್ರಮಾಣಪತ್ರವೂ ಫೈಲಿನಲ್ಲಿವೆ. ನನಗೆ ಸಮನ್ಸ್ ಬಂದ ದಿನ ಪುಣೆಯ ಮನೆಯಲ್ಲಿ ಅದನ್ನು ನಗುತ್ತಲೇ ಓದಿದೆವು, ಆದರೂ ಅವ್ವನ ಹೆಸರಿನ ಎದುರು ನನ್ನ ಹೆಸರು ನೋಡಿ ಒಂದು ಕ್ಷಣ ಗಂಟಲು ಕಟ್ಟಿತು.

ನಮ್ಮದೇ ವಿಮಾ ಕಂಪನಿ ತಕರಾರು ಮಾಡಿದರೆ ಏನು ಮಾಡಬೇಕೆಂದು ಕೆಲವರು ಕೇಳಿದ್ದೀರಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಅದನ್ನು ತಿರಸ್ಕರಿಸಿದರೆ, ಇಲ್ಲವೇ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ, 50 ಲಕ್ಷ ರೂ. ತನಕದ ತಕರಾರು ನೋಡುತ್ತಾರೆ, ನೀವು ವಾಸಿಸುವ ಊರಿಗೆ ಸಂಬಂಧಿಸಿದ ಕಚೇರಿಯಲ್ಲೇ ದೂರು ಕೊಡಬಹುದು. ಪುಣೆ, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲ ಕಡೆ ಕಚೇರಿಗಳಿವೆ. ಕಂಪನಿಯ ತಿರಸ್ಕಾರ ಬಂದ ಒಂದು ವರ್ಷದೊಳಗೆ ಹೋಗಬೇಕು. ಎದುರು ಗಾಡಿಯ ಕಂಪನಿಯ ಮೇಲಿನ ದೂರನ್ನು ಅವರು ತೆಗೆದುಕೊಳ್ಳುವುದಿಲ್ಲ, ಅದಕ್ಕೆ ನ್ಯಾಯಮಂಡಳಿಯೇ ಗತಿ.

ಊರಿಗೆ ಹೊರಡುವ ಮೊದಲು ಟೈರಿನ ಗಾಳಿ ನೋಡುವಂತೆ ಪಾಲಿಸಿ ಪತ್ರವನ್ನೂ ಒಮ್ಮೆ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾಗಿದ್ದರೆ ನಿಮ್ಮ ಕಾರಿನೊಳಗೆ ಕುಳಿತವರ ಪರಿಹಾರಕ್ಕೆ ನಿಮ್ಮ ಕಂಪನಿ ತಕರಾರು ಎತ್ತಬಹುದು, ಪ್ಯಾಕೇಜ್ ಪಾಲಿಸಿಯಲ್ಲಿ ಅವರೂ ಸೇರುತ್ತಾರೆ. ಬೇರೆಯವರ ಆಸ್ತಿ ಹಾನಿಯ ಮಿತಿ 7.5 ಲಕ್ಷ ಇದೆಯೋ, ಸ್ವಲ್ಪ ಪ್ರೀಮಿಯಂ ಉಳಿಸಲು 6,000 ರೂಪಾಯಿಗೆ ಇಳಿಸಿದ್ದಾರೋ ನೋಡಿ. ಮಾಲೀಕ ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ಹಿಂದಿನ ಸೀಟಿನಲ್ಲಿ ಕೂರುವ ಹಿರಿಯರಿಗೆ ಬೆಲ್ಟ್ ಹಾಕಿಸಿ. ಏನಾದರೂ ಆದರೆ ಗಾಡಿ ಸರಿಸುವ ಮೊದಲು ಫೋಟೋ ತೆಗೆದು, ಮುಂದಿನ ಗಾಡಿಯವರ ಬಳಿ ಹೋಗಿ ಎಷ್ಟು ಸಲ ತಗುಲಿತೆಂದು ಕೇಳಿ, ಅವರ ನಂಬರು ಬರೆದುಕೊಳ್ಳಿ.